ಇಪ್ಪತ್ತು ವರ್ಷ ಕಾದ ಕಂಠ

1993ರಲ್ಲಿ ತೆರೆಕಂಡ ‘ಮುದ್ದಿನ ಮಾವ’ ಚಿತ್ರದಲ್ಲಿ ದೀಪಾವಳಿಯ ಹಾಡೊಂದಿದೆ. ತೆರೆಯ ಮೇಲೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಇದ್ದಾರೆ, ಶಶಿಕುಮಾರ್ ಇದ್ದಾರೆ. ಎಸ್‌ಪಿಬಿ ತುಟಿ ಆಡಿಸಿದಾಗ ಕೇಳುವುದು ರಾಜ್‌ಕುಮಾರ್ ಕಂಠ. ಎಸ್‌ಪಿಬಿ ಕಂಠ ಏನಾಯಿತೆಂದರೆ, ಅದು ಶಶಿಕುಮಾರ್ ಪಾಲಾಗಿದೆ. ದಕ್ಷಿಣ ಭಾರತದ ಅತ್ಯಂತ ಬೇಡಿಕೆಯ ಹಿನ್ನೆಲೆ ಗಾಯಕನಿಗೆ ಒಬ್ಬ ನಟ ಹಿನ್ನೆಲೆ ಗಾಯಕನಾದ ಪ್ರಸಂಗ ಇದು. ಆ ಹೊತ್ತಿಗೆ ನಟನ ವಯಸ್ಸು ಅರವತ್ತು ದಾಟಿತ್ತು. ಅದಕ್ಕೆ ಒಂದು ವರ್ಷದ ಹಿಂದಿನ ಚಿತ್ರದ ಹಾಡಿಗಾಗಿ ದೇಶದ ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬ ರಾಷ್ಟ್ರಪ್ರಶಸ್ತಿಯೂ ಅವರದಾಗಿತ್ತು.

ರಾಜ್‌ಕುಮಾರ್ ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ವರನಟ. ಹಾಡುಗಾರಿಕೆ ಏನಿದ್ದರೂ ಊಟದ ಕೊನೆಯ ಪಾಯಸ ಎಂಬಂತೆ ಮಾತಾಡುವುದು ರೂಢಿ. ಆದರೆ ಲೆಕ್ಕದ ಪುಸ್ತಕ ಬೇರೆ ಮಾತು ಹೇಳುತ್ತದೆ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ರಾಜ್‌ಗೆ ಅತ್ಯುತ್ತಮ ನಟ ಎಂಬ ರಾಷ್ಟ್ರಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಕನ್ನಡಕ್ಕೆ ಆ ಗೌರವ ಮೊದಲು ತಂದುಕೊಟ್ಟವರು ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್. ರಾಜ್‌ಗೆ ಬಂದದ್ದು ಹಾಡಿಗೆ. ಅವರ ಕಂಠದ ಕಥೆಯನ್ನು ಮೊದಲಿನಿಂದ ನೋಡುತ್ತ ಬಂದರೆ, ನಟ ರಾಜ್‌ಕುಮಾರ್ ಕೂಡ ಇನ್ನಷ್ಟು ಸ್ಪಷ್ಟವಾಗಿ ಅರ್ಥವಾಗುತ್ತಾರೆ.

ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ಗಾಜನೂರಿನಲ್ಲಿ. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ, ಈಗ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿರುವ ತಾಳವಾಡಿ ಸೀಮೆಯ ಕನ್ನಡದ ಊರು ಅದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ತಾಯಿ ಲಕ್ಷ್ಮಮ್ಮ. ಪುಟ್ಟಸ್ವಾಮಯ್ಯ ಕಂಪನಿ ನಾಟಕಗಳ ನಟರು. ರಾವಣ, ಕಂಸ, ಹಿರಣ್ಯಕಶಿಪುವಿನಂಥ ಅಬ್ಬರದ ಪಾತ್ರಗಳಿಗೆ ಹೆಸರಾದವರು. ಮನೆಯಲ್ಲಿ ಬಡತನವಿತ್ತು. ಹುಡುಗನ ಓದು ಪ್ರಾಥಮಿಕ ಶಾಲೆಯಲ್ಲೇ ನಿಂತಿತು. ತಂದೆಯ ಬೆನ್ನು ಹಿಡಿದು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ಮುಂದೆ ಸುಬ್ಬಯ್ಯನಾಯ್ಡು ಅವರ ಕಂಪನಿಯ ನೀರನ್ನೂ ಕುಡಿದ.

ಕಂಪನಿ ಎಂದರೆ ಏನೆಂದು ಈಗಿನವರಿಗೆ ತುಸು ವಿವರಿಸಬೇಕು. ಮೈಕು ಬರುವ ಮುಂಚಿನ ರಂಗಭೂಮಿಯಲ್ಲಿ ಕೊನೆಯ ಸಾಲಿನ ನಾಲ್ಕಾಣೆಯ ಪ್ರೇಕ್ಷಕನಿಗೂ ಮಾತು ಮುಟ್ಟಬೇಕಿತ್ತು. ಹಾಗಾಗಿ ಎತ್ತರದ ಶ್ರುತಿ, ಬಿಡಿಬಿಡಿಯಾದ ಉಚ್ಚಾರ. ಹಾಡಲು ಬಾರದವನಿಗೆ ನಾಯಕನ ಪಾತ್ರ ಸಿಗುತ್ತಿರಲಿಲ್ಲ. ಕಾಲು ಹಾರ್ಮೋನಿಯಂ ಮುಂದೆ ಕುಳಿತ ಮೇಷ್ಟ್ರು ಶ್ರುತಿ ಹಿಡಿದರೆ, ಮಾತಿನ ಬೆನ್ನಿಗೇ ಕಂದಪದ್ಯ, ಅದರ ಬೆನ್ನಿಗೇ ರಂಗಗೀತೆ. ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿದರೆ, ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ನಿಂತು ಮತ್ತೊಮ್ಮೆ ಹಾಡಿ ಮತ್ತೆ ಸಾಯಬೇಕಾಗುತ್ತಿತ್ತು. ಹಾಡು, ಮಾತು, ಅಭಿನಯ ಮೂರನ್ನೂ ಒಂದೇ ಉಸಿರಿನಲ್ಲಿ ನಿಭಾಯಿಸುವವನೇ ಅಲ್ಲಿ ನಟ. ಮುತ್ತುರಾಜ ಕಲಿತದ್ದು ಆ ಶಾಲೆಯಲ್ಲಿ.

ಕನ್ನಡದ ಮೊದಲ ತಲೆಮಾರಿನ ಸಿನಿಮಾ ನಟರೂ ಅದೇ ಶಾಲೆಯವರು. 1934ರ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಸುಬ್ಬಯ್ಯನಾಯ್ಡು ತಮ್ಮ ಹಾಡು ತಾವೇ ಹಾಡಿಕೊಂಡವರು. ಹೊನ್ನಪ್ಪ ಭಾಗವತರ್ ಹೆಸರಿನಲ್ಲೇ ಹಾಡುಗಾರಿಕೆ ಇತ್ತು. ಅತ್ತ ಹಿಂದಿಯಲ್ಲಿ ಕೆ.ಎಲ್. ಸೈಗಲ್, ಇತ್ತ ತಮಿಳಿನಲ್ಲಿ ಎಂ.ಕೆ. ತ್ಯಾಗರಾಜ ಭಾಗವತರ್ ಆಳಿದ ಕಾಲ ಅದು. ಹಿನ್ನೆಲೆ ಗಾಯನ ಬೇರೂರಿದ ಮೇಲೆ ಈ ಕಟ್ಟು ಸಡಿಲಿತು. ಮುಖ ಒಬ್ಬರದು, ಕಂಠ ಇನ್ನೊಬ್ಬರದು ಎಂಬ ಹಂಚಿಕೆ ಮದರಾಸಿನ ಸ್ಟುಡಿಯೋಗಳಲ್ಲಿ ದಿನನಿತ್ಯದ ವ್ಯವಹಾರವಾಯಿತು. ಮುತ್ತುರಾಜ ಸಿನಿಮಾಕ್ಕೆ ಕಾಲಿಟ್ಟದ್ದು ಸರಿಯಾಗಿ ಆ ಹೊತ್ತಿನಲ್ಲಿ.

1954ರ ‘ಬೇಡರ ಕಣ್ಣಪ್ಪ’ಕ್ಕೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಮುತ್ತುರಾಜನಿಗೆ ರಾಜ್‌ಕುಮಾರ್ ಎಂದು ಹೆಸರಿಟ್ಟವರೂ ಅವರೇ. ಅದೇ ಚಿತ್ರದಲ್ಲಿ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಬೆಳಕಿಗೆ ಬಂದರು. ಎಲ್ಲರೂ ಕಂಪನಿಯ ಮಣ್ಣು ಹೊತ್ತು ಬಂದವರು. ಆದರೆ ಕಣ್ಣಪ್ಪ ಶಿವನನ್ನು ಕರೆದು ಮೊರೆಯಿಡುವ ಪ್ರಸಿದ್ಧ ಹಾಡಿಗೆ ಕಂಠ ಸಿ.ಎಸ್. ಜಯರಾಮನ್ ಅವರದು. ಅದೇ ಕಥೆ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆದಾಗ ನಾಯಕ ರಾಜ್‌ಕುಮಾರ್, ಕಂಠ ಘಂಟಸಾಲ ಅವರದು. ಹಾಡುತ್ತಲೇ ಬೆಳೆದ ನಟ ಮೊದಲ ಹೆಜ್ಜೆಯಲ್ಲೇ ಇನ್ನೊಬ್ಬರ ಹಾಡಿಗೆ ತುಟಿ ಕೂಡಿಸಬೇಕಾಯಿತು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿತ್ತು ಎನ್ನುವಂತಿಲ್ಲ. 1956ರ ‘ಓಹಿಲೇಶ್ವರ’ದಲ್ಲಿ ರಾಜ್ ದನಿ ಕೇಳುತ್ತದೆ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಅವರೊಂದಿಗೆ ಒಂದು ಯುಗಳಗೀತೆಯನ್ನೇ ಹಾಡಿದ್ದಾರೆ. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಹದಿನೈದು ವರ್ಷಗಳ ನಂತರ ಮತ್ತೆ ಬರುತ್ತದೆ. ಆ ಎರಡು ಪ್ರಯತ್ನಗಳ ಮೇಲೆ ಮಾತ್ರ ಬೆಳೆ ಬರಲಿಲ್ಲ. ಕಾರಣ ಊಹಿಸುವುದು ಕಷ್ಟವೇನಲ್ಲ. ಅರವತ್ತರ ದಶಕದ ಕೆಲವು ವರ್ಷಗಳಲ್ಲಿ ರಾಜ್ ಹತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸುತ್ತಿದ್ದರು. 1968ಕ್ಕೆ ನೂರನೆಯ ಚಿತ್ರ ‘ಭಾಗ್ಯದ ಬಾಗಿಲು’ ಬಂದೇ ಬಿಟ್ಟಿತು. ಬೆಳಗ್ಗೆ ಪೌರಾಣಿಕ, ಮಧ್ಯಾಹ್ನ ಸಾಮಾಜಿಕ ಎಂದು ಬಣ್ಣ ಬದಲಿಸುವ ನಟನಿಗೆ ಹಾಡು ಕಲಿತು ಮುದ್ರಣಕ್ಕೆ ನಿಲ್ಲಲು ಪುರುಸೊತ್ತೆಲ್ಲಿ? ಮೇಲಾಗಿ, ಅಷ್ಟರಲ್ಲಿ ರಾಜ್‌ಗೆ ಹೇಳಿ ಮಾಡಿಸಿದಂಥ ಕಂಠವೊಂದು ಸಿಕ್ಕಿತ್ತು.

ಅದು ಕಾಕಿನಾಡದಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ್ದ ಪಿ.ಬಿ. ಶ್ರೀನಿವಾಸ್ ಅವರ ಕಂಠ. 1960ರ ‘ಭಕ್ತ ಕನಕದಾಸ’ದಿಂದ ಈ ಜೋಡಿ ಗಟ್ಟಿಯಾಯಿತು. ಉಡುಪಿಯ ಕೃಷ್ಣನ ಮುಚ್ಚಿದ ಬಾಗಿಲ ಮುಂದೆ ಕನಕ ನಿಂತು ಬೇಡುವ ಹಾಡನ್ನು ಕೇಳಿದವರಿಗೆ, ಹಾಡಿದವರ ಮನೆಮಾತು ತೆಲುಗು ಎಂಬುದು ಹೊಳೆಯುವುದೇ ಇಲ್ಲ. ಅಲ್ಲಿಂದ ಮುಂದೆ ‘ಕಸ್ತೂರಿ ನಿವಾಸ’ದ ದಾನಿಗೂ ‘ಬಂಗಾರದ ಮನುಷ್ಯ’ದ ರಾಜೀವನಿಗೂ ‘ಗಂಧದ ಗುಡಿ’ಯ ಅರಣ್ಯಾಧಿಕಾರಿಗೂ ಒಂದೇ ದನಿ. ತಾವು ಶರೀರ, ಶ್ರೀನಿವಾಸ್ ಶಾರೀರ ಎಂದು ರಾಜ್ ಹೇಳಿಕೊಳ್ಳುತ್ತಿದ್ದುದು ಕನ್ನಡಿಗರಿಗೆಲ್ಲ ಗೊತ್ತು.

ಈ ಹಂಚಿಕೆ ನಟ ರಾಜ್ ಮೇಲೆ ಮಾಡಿದ ಪರಿಣಾಮವನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಿಲ್ಲ. ಕಂಪನಿಯಿಂದ ಬಂದ ರಾಜ್‌ರ ಮಾತಿನ ದನಿ ಕಂಚಿನದು, ಹಿರಣ್ಯಕಶಿಪುವಿನ ಮಗನದು. ಶ್ರೀನಿವಾಸ್ ಹಾಡಿನ ದನಿ ಮೆತ್ತಗೆ, ಎಂದೂ ಗದರದ್ದು. ಮಾತು ಮುಗಿದು ಹಾಡು ಶುರುವಾಗುವ ಜಾಗದಲ್ಲಿ ಎರಡು ದನಿಗಳ ನಡುವೆ ಬಿರುಕು ಕಾಣಬೇಕಿತ್ತು. ಅದು ಕಾಣದಂತೆ ರಾಜ್ ತಮ್ಮ ಮುಖವನ್ನೇ ಆ ದನಿಗೆ ಹೊಂದಿಸಿಕೊಂಡರು. ಅರವತ್ತರ ದಶಕದ ಸಾಮಾಜಿಕ ಚಿತ್ರಗಳ ಹಾಡುಗಳನ್ನು ನೋಡಿ: ಹುಬ್ಬು ಹಾರಿಸುವುದಿಲ್ಲ, ತೋಳು ಬೀಸುವುದಿಲ್ಲ, ಕಣ್ಣಂಚಿನಲ್ಲೇ ನಗು. ರಂಗದ ಅಬ್ಬರ ಇಳಿದು ಕ್ಯಾಮರಾಕ್ಕೆ ಒಗ್ಗುವ ನಯ ಬಂದದ್ದರಲ್ಲಿ ಆ ಎರವಲು ಕಂಠದ ಪಾಲು ದೊಡ್ಡದು.

ಇದೇ ವರ್ಷಗಳಲ್ಲಿ ಬೊಂಬಾಯಿಯಲ್ಲಿ ಕಿಶೋರ್ ಕುಮಾರ್ ತದ್ವಿರುದ್ಧ ದಾರಿ ಹಿಡಿದಿದ್ದರು. ತಮಗೆ ತಾವೇ ಹಾಡಿಕೊಳ್ಳುತ್ತಿದ್ದ ನಟ 1969ರ ‘ಆರಾಧನಾ’ದ ನಂತರ ರಾಜೇಶ್ ಖನ್ನಾರ ಕಂಠವಾದರು, ನಟನೆ ಹಿಂದೆ ಸರಿಯಿತು. ರಾಜ್ ಇನ್ನೊಬ್ಬರ ಕಂಠದಿಂದ ತಮ್ಮ ಕಂಠಕ್ಕೆ ಮರಳಬೇಕಿತ್ತು. ಮರಳಿದ್ದು 1974ರಲ್ಲಿ.

‘ಸಂಪತ್ತಿಗೆ ಸವಾಲ್’ ಪಿ.ಬಿ. ಧುತ್ತರಗಿ ಅವರ ಜನಪ್ರಿಯ ನಾಟಕದ ಚಿತ್ರರೂಪ, ಎ.ವಿ. ಶೇಷಗಿರಿರಾವ್ ನಿರ್ದೇಶನ. ನಾಯಕ ಎಮ್ಮೆಯ ಮೇಲೆ ಕುಳಿತು ಊರೆಲ್ಲ ಕೇಳುವಂತೆ ಹಾಡುತ್ತ ಹೋಗುವ ಸನ್ನಿವೇಶ. ಅದನ್ನು ಬರೆದವರು ಚಿ. ಉದಯಶಂಕರ್, ರಾಗ ಹಾಕಿದವರು ಜಿ.ಕೆ. ವೆಂಕಟೇಶ್. ಧ್ವನಿಮುದ್ರಣದ ಹೊತ್ತಿಗೆ ಶ್ರೀನಿವಾಸ್ ಅವರ ಗಂಟಲು ಕೈಕೊಟ್ಟಿತ್ತು, ಹಾಗಾಗಿ ರಾಜ್ ಅವರಿಂದಲೇ ಹಾಡಿಸಿದರು ಎಂಬುದು ಚಿತ್ರರಂಗದಲ್ಲಿ ಹೇಳಿಕೊಂಡು ಬಂದಿರುವ ಮಾತು. ಹಾಡಿಸಬಹುದೆಂಬ ಧೈರ್ಯ ವೆಂಕಟೇಶ್ ಅವರಿಗೆ ಎಲ್ಲಿಂದ ಬಂತು ಎಂದು ಕೇಳಬೇಕಿಲ್ಲ. 1959ರಲ್ಲೇ ಅವರು ಈ ದನಿಯನ್ನು ಮೈಕಿನ ಮುಂದೆ ಕೇಳಿದ್ದರು.

ಈ ಹಾಡನ್ನು ಒಮ್ಮೆ ಹತ್ತಿರದಿಂದ ಕೇಳಬೇಕು. ನಡುನಡುವೆ ದನಗಾಹಿಯ ಕೂಗು ಬರುತ್ತದೆ, ಅದು ತಾಳದ ಒಳಗೇ ಬಂದು ಕೂರುತ್ತದೆ. ಪದಗಳಿಗೆ ಹಳ್ಳಿಯ ಒತ್ತು ಬೀಳುತ್ತದೆ. ಸಾಲಿನ ಕೊನೆಯಲ್ಲಿ ದನಿ ಮಾತಿನ ಕಡೆ ವಾಲಿ, ಮುಂದಿನ ಸಾಲಿಗೆ ಮತ್ತೆ ಸ್ವರಕ್ಕೆ ಹತ್ತುತ್ತದೆ. ವೃತ್ತಿನಿರತ ಗಾಯಕ ಇದನ್ನು ಹಾಡಿದ್ದರೆ ಇಂಪಾಗಿ ಹಾಡುತ್ತಿದ್ದನೇನೋ, ಎಮ್ಮೆ ಕಾಯುವವನಂತೆ ಹಾಡುವುದು ಬೇರೆ ಮಾತು. ಗಾಜನೂರಿನ ಹುಡುಗ, ಕಂಪನಿಯ ನಟ, ನೂರೈವತ್ತು ಚಿತ್ರಗಳನ್ನು ದಾಟಿದ ತಾರೆ ಮೂವರೂ ಆ ಮೂರು ನಿಮಿಷದಲ್ಲಿ ಒಟ್ಟಿಗೆ ಹಾಡಿದ್ದಾರೆ. ಆಗ ರಾಜ್‌ಗೆ ನಲವತ್ತೈದು. ‘ಬೇಡರ ಕಣ್ಣಪ್ಪ’ ಬಂದು ಸರಿಯಾಗಿ ಇಪ್ಪತ್ತು ವರ್ಷ.

ಹಾಡು ಮನೆಮಾತಾಯಿತು. ಅಲ್ಲಿಂದ ರಾಜ್ ಚಿತ್ರವೆಂದರೆ ರಾಜ್ ಹಾಡು ಎನ್ನುವಂತಾಯಿತು. ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾದೀತು. ಶ್ರೀನಿವಾಸ್ ಅವರಿಗೆ ರಾಜ್ ಚಿತ್ರಗಳಲ್ಲಿ ಅವಕಾಶ ಇಳಿಯುತ್ತ ಹೋಯಿತು. ಎಪ್ಪತ್ತರ ದಶಕದ ಉಳಿದ ನಾಯಕರಿಗೆ ಹಾಡಲು ಎಸ್‌ಪಿಬಿ ಅದಾಗಲೇ ಬಂದಿದ್ದರು. ಕನ್ನಡಕ್ಕೆ ಅಷ್ಟೊಂದು ಕೊಟ್ಟ ಕಂಠ ತನ್ನದಲ್ಲದ ಕಾರಣಕ್ಕೆ ಬದಿಗೆ ಸರಿಯಬೇಕಾಯಿತು. ಶ್ರೀನಿವಾಸ್ ವರ್ಷಗಟ್ಟಲೆ ಕವಿತೆ ಬರೆಯುತ್ತ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್ ಇನ್‌ನಲ್ಲಿ ಕೂರುತ್ತಿದ್ದರು. 2013ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಎರಡು ಕಂಠಗಳೂ ಎದುರಾಬದುರಾಗಿ ನಿಂತ ಒಂದು ಸಂದರ್ಭ ಮಾತ್ರ ದಾಖಲಾಗಿ ಉಳಿದಿದೆ. 1977ರ ‘ಬಭ್ರುವಾಹನ’. ನಿರ್ದೇಶನ ಹುಣಸೂರು ಕೃಷ್ಣಮೂರ್ತಿ, ಸಂಗೀತ ಟಿ.ಜಿ. ಲಿಂಗಪ್ಪ. ತಂದೆ ಅರ್ಜುನ, ಮಗ ಬಭ್ರುವಾಹನ ಎರಡೂ ಪಾತ್ರ ರಾಜ್ ಅವರದೇ. ರಣರಂಗದಲ್ಲಿ ತಂದೆ ಮಕ್ಕಳು ಒಬ್ಬರನ್ನೊಬ್ಬರು ಹಂಗಿಸುತ್ತ ಹಾಡುವ ವಾಗ್ಯುದ್ಧಕ್ಕೆ ಒಂದು ಕಂಠ ಶ್ರೀನಿವಾಸ್, ಇನ್ನೊಂದು ರಾಜ್. ಒಬ್ಬನೇ ನಟನ ಎರಡು ಮುಖ, ಅವನ ವೃತ್ತಿಜೀವನದ ಎರಡು ಕಂಠ, ಒಂದೇ ಹಾಡು! ಕಂದಪದ್ಯದ ಗತ್ತಿನಲ್ಲಿ ನಡೆಯುವ ಆ ಹಾಡು ಕಂಪನಿ ನಾಟಕದ ನೇರ ಸಂತಾನ. ಇಂದಿಗೂ ಆರ್ಕೆಸ್ಟ್ರಾಗಳಲ್ಲಿ ಇಬ್ಬರು ಗಾಯಕರು ಎದುರುಬದುರು ನಿಂತು ಇದನ್ನು ಹಾಡಿದರೆ ಶಿಳ್ಳೆ ತಪ್ಪಿದ್ದಲ್ಲ.

ಸ್ವಂತ ಕಂಠ ಸಿಕ್ಕ ಮೇಲೆ ರಾಜ್ ಒಂದೇ ಜಾಡಿನಲ್ಲಿ ಉಳಿಯಲಿಲ್ಲ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡನ್ನೇ ಹಾಡಿದರು. ಅದಕ್ಕೂ ಜಿ.ಕೆ. ವೆಂಕಟೇಶ್ ಅವರದೇ ಸಂಗೀತ. ಮೂರು ದಶಕ ಕಳೆದ ಮೇಲೆ ಅಂತರ್ಜಾಲದಲ್ಲಿ ಆ ಹಾಡಿಗೆ ಹೊಸ ಜನ್ಮ ಬಂತು. ಕನ್ನಡವೇ ಬಾರದವರೂ ತಮಾಷೆಗೆಂದು ನೋಡಿ ಕೊನೆಗೆ ಗುನುಗತೊಡಗಿದರು. 1981ರ ‘ನೀ ನನ್ನ ಗೆಲ್ಲಲಾರೆ’ಯಲ್ಲಿ ಇಳಯರಾಜ ಅವರ ಸ್ವರಸಂಯೋಜನೆಗೆ ಹಾಡಿದರು. ಇಳಯರಾಜ ಒಂದು ಕಾಲಕ್ಕೆ ಇದೇ ವೆಂಕಟೇಶ್ ಅವರ ಸಹಾಯಕರಾಗಿದ್ದವರು. ರಾಜನ್-ನಾಗೇಂದ್ರ, ಉಪೇಂದ್ರಕುಮಾರ್, ಎಂ. ರಂಗರಾವ್, ಹಂಸಲೇಖ ಹೀಗೆ ಒಬ್ಬೊಬ್ಬರೂ ಈ ದನಿಯಿಂದ ಒಂದೊಂದು ಬಗೆ ತೆಗೆಸಿದರು.

ಹಾಡದೆ ಇದ್ದಾಗಲೂ ಸಂಗೀತಗಾರನಂತೆ ಕಾಣುವ ಕಲೆ ಅವರಿಗೆ ಒಲಿದಿತ್ತು. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಊದುವವನ ಕೆನ್ನೆ, ಉಸಿರು ಕಟ್ಟುವ ಕತ್ತು, ತೂತುಗಳ ಮೇಲೆ ಓಡುವ ಬೆರಳು ಎಲ್ಲವನ್ನೂ ತೆರೆಯ ಮೇಲೆ ರಾಜ್ ಎಷ್ಟು ನಿಷ್ಠೆಯಿಂದ ತಂದಿದ್ದಾರೆಂದರೆ, ನಾದ ಬೇರೆ ಕಡೆಯಿಂದ ಬರುತ್ತಿದೆ ಎಂದು ಅನ್ನಿಸುವುದಿಲ್ಲ. ಇಪ್ಪತ್ತು ವರ್ಷ ಇನ್ನೊಬ್ಬರ ಉಸಿರನ್ನು ಗಮನಿಸಿದ ಅನುಭವ ಇಲ್ಲಿ ಕೆಲಸಕ್ಕೆ ಬಂತು.

ಅವರ ಗಾಯನದ ಬಲ ಎಲ್ಲಿತ್ತು ಎಂದು ಕೇಳಿದರೆ, ಹೆಚ್ಚಿನವರು ಮಾಧುರ್ಯ ಎನ್ನುತ್ತಾರೆ. ಮಾಧುರ್ಯದಲ್ಲಿ ಶ್ರೀನಿವಾಸ್ ಒಂದು ಕೈ ಮೇಲೆ. ಕಸರತ್ತಿನಲ್ಲಿ ಎಸ್‌ಪಿಬಿ ಮುಂದೆ. ಹುಡುಗಾಟದ ಪ್ರೇಮಗೀತೆಗಳಲ್ಲಿ ರಾಜ್ ದನಿಗೆ ವಯಸ್ಸಿನ ಭಾರ ಕೇಳಿಸುವುದೂ ಉಂಟು, ಮೇಲಿನ ಸ್ವರಗಳಲ್ಲಿ ಅಲ್ಲಲ್ಲಿ ಮೂಗಿನ ದನಿ ಇಣುಕುವುದೂ ಉಂಟು. ರಾಜ್ ಬಲ ಇದ್ದದ್ದು ಅಕ್ಷರದಲ್ಲಿ. ಅಲ್ಪಪ್ರಾಣ, ಮಹಾಪ್ರಾಣ, ಶ-ಷ-ಸಗಳ ವ್ಯತ್ಯಾಸ, ಒತ್ತಕ್ಷರದ ತೂಕ ಯಾವುದೂ ರಾಗದ ಓಟದಲ್ಲಿ ಕೊಚ್ಚಿಹೋಗುವುದಿಲ್ಲ. ಕೊನೆಯ ಸಾಲಿನ ಪ್ರೇಕ್ಷಕನಿಗೆ ಮಾತು ಮುಟ್ಟಿಸಬೇಕೆಂಬ ಕಂಪನಿಯ ಪಾಠ ಅದು.

ಇದಕ್ಕೆ ಉತ್ತಮ ಸಾಕ್ಷಿ 1983ರ ‘ಕವಿರತ್ನ ಕಾಳಿದಾಸ’. 1955ರಲ್ಲಿ ಹೊನ್ನಪ್ಪ ಭಾಗವತರ್ ‘ಮಹಾಕವಿ ಕಾಳಿದಾಸ’ ನಿರ್ಮಿಸಿ ತಾವೇ ಕಾಳಿದಾಸರಾಗಿದ್ದರು. ಬಿ. ಸರೋಜಾದೇವಿ ಬೆಳಕಿಗೆ ಬಂದ ಚಿತ್ರ ಅದು. ಇಪ್ಪತ್ತೆಂಟು ವರ್ಷಗಳ ನಂತರ ಅದೇ ಪಾತ್ರ ಇನ್ನೊಬ್ಬ ಹಾಡುವ ನಟನ ಕೈಗೆ ಬಂತು. ನಿರ್ದೇಶಕ ರೇಣುಕಾ ಶರ್ಮ, ಸಂಗೀತ ಎಂ. ರಂಗರಾವ್. ಚಿತ್ರದ ಮೊದಲ ಭಾಗದಲ್ಲಿ ರಾಜ್ ಅಕ್ಷರ ತಿಳಿಯದ ಕುರುಬ. ಮಾತಿನಲ್ಲಿ ಮಹಾಪ್ರಾಣವಿಲ್ಲ, ನಾಲಿಗೆ ಹೊರಳುವುದಿಲ್ಲ. ಕಾಳಿಯ ಕೃಪೆಯಾದ ಗಳಿಗೆಯಲ್ಲಿ ಅದೇ ಬಾಯಿಂದ ಶ್ಯಾಮಲಾ ದಂಡಕ ಹೊರಡುತ್ತದೆ. ಉದ್ದುದ್ದ ಸಂಸ್ಕೃತ ಸಮಾಸಗಳು ಒಂದೂ ಮುರಿಯದೆ, ಎಲ್ಲೂ ಉಸಿರು ಕದ್ದ ಗುರುತಿಲ್ಲದೆ ಉರುಳುತ್ತವೆ. ದೈವಕೃಪೆಯನ್ನು ತೋರಿಸಲು ಇಲ್ಲಿ ಮಿಂಚು ಗುಡುಗುಗಳಿಗಿಂತ ಹೆಚ್ಚು ದುಡಿದದ್ದು ಉಚ್ಚಾರ. ಪ್ರಾಥಮಿಕ ಶಾಲೆ ದಾಟದ ಮನುಷ್ಯನೊಬ್ಬ ಅದನ್ನು ಹಾಡುತ್ತಿದ್ದಾನೆ ಎಂಬುದು ತಿಳಿದಿದ್ದ ಪ್ರೇಕ್ಷಕನಿಗೆ ಆ ದೃಶ್ಯಕ್ಕೆ ಇನ್ನೊಂದು ಅರ್ಥವೂ ಇತ್ತು. ಅದೇ ವರ್ಷದ ‘ಭಕ್ತ ಪ್ರಹ್ಲಾದ’ದಲ್ಲಿ ತಂದೆ ಆಡುತ್ತಿದ್ದ ಹಿರಣ್ಯಕಶಿಪುವಿನ ಪಾತ್ರ ರಾಜ್ ಪಾಲಿಗೆ ಬಂತು, ಪ್ರಹ್ಲಾದನಾಗಿ ಕಿರಿಯ ಮಗ ಪುನೀತ್.

ಈ ಉಚ್ಚಾರವೇ 1982ರ ಗೋಕಾಕ್ ಚಳವಳಿಯಲ್ಲಿ ಬೇರೊಂದು ಕೆಲಸ ಮಾಡಿತು. ಸಾಹಿತಿಗಳು ಆರಂಭಿಸಿದ ಹೋರಾಟಕ್ಕೆ ರಾಜ್ ಇಳಿದ ಮೇಲೆ ಅದು ಬೀದಿಬೀದಿಯ ಹೋರಾಟವಾಯಿತು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಎಂಬ ವಾದಕ್ಕೆ, ಶಾಲೆಯಲ್ಲಿ ಹೆಚ್ಚು ಓದದೆಯೂ ಕನ್ನಡವನ್ನು ಇಷ್ಟು ಚೆನ್ನಾಗಿ ಆಡುವವರೊಬ್ಬರು ವೇದಿಕೆ ಹತ್ತಿದ್ದೇ ದೊಡ್ಡ ಬಲವಾಯಿತು. 1993ರ ‘ಆಕಸ್ಮಿಕ’ದಲ್ಲಿ ಹಂಸಲೇಖ ಬರೆದು ಸಂಗೀತ ಕೊಟ್ಟ ಕನ್ನಡ ನಾಡಿನ ಹಾಡನ್ನು ರಾಜ್ ಹಾಡಿದರು. ನವೆಂಬರ್ 1ರಂದು ಅದು ಕೇಳದ ಆಟೋ ನಿಲ್ದಾಣ ಕರ್ನಾಟಕದಲ್ಲಿ ಸಿಗುವುದು ಕಷ್ಟ. ದುಬೈಯಿಂದ ಅಮೆರಿಕದವರೆಗೆ ಕನ್ನಡ ಸಂಘಗಳ ರಾಜ್ಯೋತ್ಸವವೂ ಅದಿಲ್ಲದೆ ಮುಗಿಯುವುದಿಲ್ಲ.

ಇನ್ನು ಪ್ರಶಸ್ತಿ ತಂದ ಹಾಡು. 1989ರ ‘ಪರಶುರಾಮ್’ ನಂತರ ರಾಜ್ ಬಣ್ಣ ಹಚ್ಚಿರಲಿಲ್ಲ. ಮತ್ತೆ ಬಂದದ್ದು 1992ರ ‘ಜೀವನ ಚೈತ್ರ’ದಲ್ಲಿ. ದೊರೆ-ಭಗವಾನ್ ನಿರ್ದೇಶನ, ಚಿ. ಉದಯಶಂಕರ್ ಸಾಹಿತ್ಯ, ಉಪೇಂದ್ರಕುಮಾರ್ ಸಂಗೀತ. ಮನೆಯಲ್ಲಿ ಮನಸ್ಸು ಮುರಿದು ಹೊರಟ ಹಿರಿಯನೊಬ್ಬ ಹಿಮಾಲಯದ ತಪ್ಪಲಿನಲ್ಲಿ ಹಾಡುವ ‘ನಾದಮಯ’ಕ್ಕೆ ಶಾಸ್ತ್ರೀಯ ಸಂಗೀತದ ತಳಹದಿ. ಆಲಾಪ ಇದೆ, ತಾನ ಇದೆ, ಏರುವ ಸ್ವರಪ್ರಸ್ತಾರ ಇದೆ. ಅರವತ್ತಮೂರರ ಗಂಟಲಿಗೆ ಇದು ಸುಲಭದ ತುತ್ತಲ್ಲ. ರಾಜ್ ಅದನ್ನು ಕಛೇರಿಯ ಪಂಡಿತನಂತೆ ಹಾಡಲು ಹೋಗಲಿಲ್ಲ, ಪಾತ್ರದ ದಣಿವನ್ನೂ ಜೊತೆಗೆ ಹಾಡಿದರು. ಕನ್ನಡ ಚಿತ್ರದ ಹಾಡಿಗೆ ಈ ರಾಷ್ಟ್ರಪ್ರಶಸ್ತಿ ಮೊದಲು ‘ಹಂಸಗೀತೆ’ಗಾಗಿ ಎಂ. ಬಾಲಮುರಳಿಕೃಷ್ಣ ಅವರಿಗೆ, ನಂತರ ‘ಕಾಡು ಕುದುರೆ’ಗಾಗಿ ಶಿವಮೊಗ್ಗ ಸುಬ್ಬಣ್ಣ ಅವರಿಗೆ ಸಂದಿತ್ತು. ಒಬ್ಬರು ಕರ್ನಾಟಕ ಸಂಗೀತದ ದಿಗ್ಗಜ, ಇನ್ನೊಬ್ಬರು ಸುಗಮ ಸಂಗೀತದ ಗಾಯಕ. ಆ ಸಾಲಿಗೆ ಸೇರಿದ ರಾಜ್, ತಾನು ಹಾಡಿದ್ದನ್ನು ತಾನೇ ಅಭಿನಯಿಸಿದವರು.

1992ರಲ್ಲೇ ಕುವೆಂಪು ಅವರೊಂದಿಗೆ ‘ಕರ್ನಾಟಕ ರತ್ನ’ವೂ ಬಂತು. ಅದಕ್ಕೆ ಮುಂಚೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ. ಬಳಿಕ 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ. ಇವೆಲ್ಲ ಬಂದಾಗಲೂ ಅಭಿಮಾನಿಗಳನ್ನು ದೇವರು ಎನ್ನುವು‍ದನ್ನು ಅವರು ಬಿಡಲಿಲ್ಲ, ಜನ ಅವರನ್ನು ಅಣ್ಣಾವ್ರು ಎನ್ನುವುದನ್ನೂ ಬಿಡಲಿಲ್ಲ. 1995ರ ‘ಓಂ’ನಲ್ಲಿ ಮಗ ಶಿವರಾಜ್‌ಕುಮಾರ್‌ಗೆ ಕಂಠ ಕೊಟ್ಟರು. 2000ದಲ್ಲಿ ಬಂದ ‘ಶಬ್ದವೇಧಿ’ ಕೊನೆಯ ಚಿತ್ರವಾಯಿತು. ಅದೇ ವರ್ಷದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ. 108 ದಿನಗಳ ಕಾಡಿನ ವಾಸದ ನಂತರ ನವೆಂಬರ್ 15ರಂದು ಬಿಡುಗಡೆ. 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ನಿಧನರಾದಾಗ ಕಣ್ಣುಗಳನ್ನು ದಾನ ಮಾಡಲಾಯಿತು. ಅಂತ್ಯಯಾತ್ರೆಯ ಹೊತ್ತಿನ ಗಲಭೆಯಲ್ಲಿ ಪ್ರಾಣ ಕಳೆದುಕೊಂಡವರೂ ಇದ್ದರು ಎಂಬುದು ಆ ದಿನಗಳ ಕಹಿ ಸತ್ಯ.

ಈ ಹಾಡುಗಳ ಹಿಂದೆ ಒಂದು ತಂಡವೇ ಇತ್ತು ಎಂಬುದನ್ನು ಮರೆಯುವಂತಿಲ್ಲ. ಕಥೆ ಆರಿಸುತ್ತಿದ್ದ ತಮ್ಮ ವರದರಾಜು, 1975ರ ‘ತ್ರಿಮೂರ್ತಿ’ಯಿಂದ ನಿರ್ಮಾಣಕ್ಕೆ ಇಳಿದ ಪತ್ನಿ ಪಾರ್ವತಮ್ಮ, ರಾಜ್ ಬಾಯಿಗೆ ಯಾವ ಪದ ಒಗ್ಗುತ್ತದೆಂದು ಬಲ್ಲ ಚಿ. ಉದಯಶಂಕರ್, ಜೊತೆ ಕಂಠವಾದ ಎಸ್. ಜಾನಕಿ ಮತ್ತು ವಾಣಿ ಜಯರಾಂ. ಇವರ ಹೆಸರುಗಳಾದರೂ ಉಳಿದಿವೆ. ಮದರಾಸಿನ ಸ್ಟುಡಿಯೋಗಳಲ್ಲಿ ಆ ಹಾಡುಗಳಿಗೆ ವೀಣೆ, ಕೊಳಲು, ತಬಲಾ, ಪಿಟೀಲು ನುಡಿಸಿದವರ ಹೆಸರು ಧ್ವನಿಮುದ್ರಿಕೆಯ ರಟ್ಟಿನ ಮೇಲೂ ಇಲ್ಲ, ಚಿತ್ರದ ಟೈಟಲ್ ಕಾರ್ಡಿನಲ್ಲೂ ಇಲ್ಲ. ಗಾಯಕ ಮತ್ತು ವಾದ್ಯವೃಂದ ಒಟ್ಟಿಗೆ ನಿಂತು ಮುದ್ರಿಸಬೇಕಾಗಿದ್ದ, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ ಶುರುಮಾಡಬೇಕಾಗಿದ್ದ ಕಾಲದ ಕಲಾವಿದರು ಅವರು. ಅವರಲ್ಲಿ ಇನ್ನೂ ನಮ್ಮ ನಡುವೆ ಇರುವವರನ್ನು ಹುಡುಕಿ ಮಾತಾಡಿಸಿ ಬರೆದಿಡುವ ಕೆಲಸವನ್ನು ಚಲನಚಿತ್ರ ಅಕಾಡೆಮಿಯೋ ವಿಶ್ವವಿದ್ಯಾಲಯವೋ ಈಗಲಾದರೂ ಕೈಗೆತ್ತಿಕೊಳ್ಳಬೇಕು.

ಓದುಗರು ಮಾಡಬಹುದಾದ್ದೂ ಒಂದಿದೆ. ಬಿಡುವಾದಾಗ ‘ಭಕ್ತ ಕನಕದಾಸ’, ‘ಸಂಪತ್ತಿಗೆ ಸವಾಲ್’, ‘ಬಭ್ರುವಾಹನ’, ‘ಕವಿರತ್ನ ಕಾಳಿದಾಸ’, ‘ಜೀವನ ಚೈತ್ರ’ ಈ ಐದು ಚಿತ್ರಗಳ ಒಂದೊಂದು ಹಾಡನ್ನು ಇದೇ ಕ್ರಮದಲ್ಲಿ ಕೇಳಿ. ಮೊದಲು ಕಣ್ಣು ಮುಚ್ಚಿ, ಆಮೇಲೆ ತೆರೆದು. ರಾಜ್‌ಕುಮಾರ್ ಹಾಡಲೂ ಬಲ್ಲ ನಟರೋ, ಸಿನಿಮಾಕ್ಕೆ ಬಂದ ರಂಗದ ಹಾಡುಗಾರರೋ ಎಂಬುದನ್ನು ಆಗ ನೀವೇ ತೀರ್ಮಾನಿಸಬಹುದು. ಈ ಅಂಕಣದ ಮತ ಎರಡನೆಯದಕ್ಕೆ.